ಆಲಿಸ್ ಸ್ಪ್ರಿಂಗ್ಸ್‌ನಿಂದ ಬರ್ಡ್ಸ್‌ವಿಲ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ಔಟ್‌ಬ್ಯಾಕ್ ಪ್ರಯಾಣದ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಅಕ್ಕನ ಮಗಳು ನರ್ಸ್ ಕೆಲಸಕ್ಕೆ ಅಂತ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ ಎರಡು ತಿಂಗಳಾಗಿತ್ತು. ಒಂದು ದಿನ ಮೆಸೇಜ್ ಬಂತು: “ಮಾಮ, ಸೆಪ್ಟೆಂಬರ್‌ನಲ್ಲಿ ಬರ್ಡ್ಸ್‌ವಿಲ್ ಅನ್ನೋ ಊರಲ್ಲಿ ಕುದುರೆ ರೇಸ್ ಇದೆಯಂತೆ. ಫೋನ್‌ನಲ್ಲಿ ನೋಡಿದ್ರೆ ವಿಮಾನದಲ್ಲಿ 42 ನಿಮಿಷ ಅಂತಿದೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು ಅಲ್ವಾ?”

ಆ 42 ನಿಮಿಷ ಎಲ್ಲಿಂದ ಬಂತು ಅಂತ ಹುಡುಕಲು ಕೂತೆ. ದೂರ ತೋರಿಸುವ ಸೈಟುಗಳು ಎರಡು ಊರಿನ ನಡುವೆ ನೇರ ಗೆರೆ ಎಳೆಯುತ್ತವೆ. ಅದನ್ನು ದೊಡ್ಡ ಜೆಟ್ ವಿಮಾನದ ವೇಗದಿಂದ, ಅಂದರೆ ಗಂಟೆಗೆ ಸುಮಾರು 850 ಕಿ.ಮೀ.ಯಿಂದ ಭಾಗಿಸುತ್ತವೆ. ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಆ ಎರಡು ಊರುಗಳ ನಡುವೆ ಅಂಥ ಜೆಟ್ ಹಾರುವುದೇ ಇಲ್ಲ. ನೇರ ವಿಮಾನ ಸೇವೆ ಅನ್ನುವುದೇ ಇಲ್ಲ.

ಔಟ್‌ಬ್ಯಾಕ್‌ನಲ್ಲಿ, ಅಂದರೆ ಆಸ್ಟ್ರೇಲಿಯಾದ ಜನವಿರಳ ಒಳನಾಡಿನಲ್ಲಿ, “ಎಷ್ಟು ದೂರ?” ಅನ್ನುವ ಪ್ರಶ್ನೆಗೆ ಮೂರು ಉತ್ತರ ಇರುತ್ತವೆ. ಹಕ್ಕಿ ಹಾರಿದ ದೂರ, ರಸ್ತೆಯ ದೂರ, ಟಿಕೆಟ್ ಸಿಗುವ ವಿಮಾನದ ದೂರ. ಈ ಮೂರನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ಅವಳಿಗೆ ಹೇಳಿಕೊಟ್ಟ ಹಾಗೇ ಇಲ್ಲೂ ಬರೆಯುತ್ತೇನೆ. ಒಂದು ಹಾಳೆ, ಪೆನ್ನು, ಫೋನ್‌ನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ಜಾಗ ಅರ್ಥ ಮಾಡಿಕೊಳ್ಳಿ

ಆಲಿಸ್ ಸ್ಪ್ರಿಂಗ್ಸ್ ಆಸ್ಟ್ರೇಲಿಯಾದ ನಟ್ಟ ನಡುವೆ, ನಾರ್ದರ್ನ್ ಟೆರಿಟರಿಯಲ್ಲಿದೆ. ಬರ್ಡ್ಸ್‌ವಿಲ್ ಇರುವುದು ಅದರ ಆಗ್ನೇಯಕ್ಕೆ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮೂಲೆಯಲ್ಲಿ. 2021ರ ಜನಗಣತಿಯಲ್ಲಿ ಆ ಊರಿನ ಜನ ಸುಮಾರು 110. ಅದು ಸೇರುವ ಡಯಮಂಟೀನಾ ಆಡಳಿತ ಪ್ರದೇಶ ನಮ್ಮ ಕರ್ನಾಟಕದ ಹತ್ತಿರ ಹತ್ತಿರ ಅರ್ಧದಷ್ಟು ದೊಡ್ಡದು. ಅಲ್ಲಿನ ಒಟ್ಟು ಜನಸಂಖ್ಯೆ 300ಕ್ಕಿಂತ ಕಡಿಮೆ.

ಎರಡೂ ಊರುಗಳ ನಡುವೆ ಸಿಂಪ್ಸನ್ ಮರುಭೂಮಿ ಮಲಗಿದೆ. ಸುಮಾರು 1,76,500 ಚದರ ಕಿ.ಮೀ. ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು, ಅಷ್ಟೆ. ಕೆಂಪು ಮರಳಿನ ದಿಬ್ಬಗಳು ಒಂದರ ಪಕ್ಕ ಒಂದು, ಉತ್ತು ಬಿಟ್ಟ ಹೊಲದ ಸಾಲುಗಳ ಹಾಗೆ, ವಾಯವ್ಯದಿಂದ ಆಗ್ನೇಯದ ಕಡೆಗೆ ಉದ್ದಕ್ಕೂ ಸಾಗುತ್ತವೆ. ಇಂಥ ದಿಬ್ಬಗಳು 1,100ಕ್ಕೂ ಹೆಚ್ಚು. ಭೂವಿಜ್ಞಾನಿ ಸೆಸಿಲ್ ಮ್ಯಾಡಿಗನ್ 1929ರಲ್ಲಿ ಇದರ ಮೇಲೆ ವಿಮಾನದಲ್ಲಿ ಹಾರಿ ಸಮೀಕ್ಷೆ ಮಾಡಿದರು. ನಡುವೆ ಒಂದೇ ಒಂದು ಊರಿಲ್ಲ. ಹಾಗಂತ ಅದು ಜನ ಕಾಣದ ನೆಲವಲ್ಲ. ವಂಗ್‌ಕಂಗುರು ಜನ ಈ ಮರುಭೂಮಿಯ ಒಳಗೇ ಬದುಕಿದ್ದರು. ಮಿಕಿರಿ ಅಂತ ಕರೆಯುವ ಬಾವಿಗಳು ಅವರಿಗೆ ಆಸರೆ. ಒಂದು ನೀರಿನಿಂದ ಮುಂದಿನ ನೀರಿಗೆ ಎಷ್ಟು ನಡೆಯಬೇಕು ಅನ್ನುವುದೇ ಅಲ್ಲಿ ದೂರದ ಅಳತೆ. ಇವತ್ತು ನೀರಿನ ಜೊತೆ ಇಂಧನವೂ ಸೇರಿದೆ.

ಹಂತ 1: ಹಕ್ಕಿ ಹಾರಿದ ದೂರ

ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಊರಿನದಲ್ಲ, ನಿಲ್ದಾಣದ್ದು. ಆಲಿಸ್ ಸ್ಪ್ರಿಂಗ್ಸ್ ನಿಲ್ದಾಣ ಊರಿನಿಂದ ಹತ್ತು ಹದಿನೈದು ಕಿ.ಮೀ. ದಕ್ಷಿಣಕ್ಕಿದೆ, ಅದಕ್ಕೇ ಈ ಎಚ್ಚರಿಕೆ.

ಆಲಿಸ್ ಸ್ಪ್ರಿಂಗ್ಸ್: ದಕ್ಷಿಣ 23.81, ಪೂರ್ವ 133.90
ಬರ್ಡ್ಸ್‌ವಿಲ್: ದಕ್ಷಿಣ 25.90, ಪೂರ್ವ 139.35

ಅಕ್ಷಾಂಶದ ವ್ಯತ್ಯಾಸ 2.09 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಹಾಗಾಗಿ ಉತ್ತರ ದಕ್ಷಿಣದ ದೂರ 232 ಕಿ.ಮೀ.

ರೇಖಾಂಶದ ವ್ಯತ್ಯಾಸ 5.45 ಡಿಗ್ರಿ. ಜಾಸ್ತಿ ಜನ ಎಡವುವುದು ಇಲ್ಲೇ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುತ್ತವೆ, ಕಿತ್ತಳೆ ತೊಳೆಯ ಹಾಗೆ. ಹಾಗಾಗಿ ಇದಕ್ಕೆ ಪೂರ್ತಿ 111 ಹಿಡಿಯುವ ಹಾಗಿಲ್ಲ. ಎರಡು ಅಕ್ಷಾಂಶಗಳ ಸರಾಸರಿ ತೆಗೆಯಿರಿ: 24.85. ಕ್ಯಾಲ್ಕುಲೇಟರ್‌ನಲ್ಲಿ ಅದರ ಕಾಸ್ (cos) ಒತ್ತಿ: 0.907. ಈಗ 5.45 × 111 × 0.907 ಅಂದರೆ ಸುಮಾರು 549 ಕಿ.ಮೀ. ಪೂರ್ವ ಪಶ್ಚಿಮದ ದೂರ ಸಿಕ್ಕಿತು. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯಾ ಅಂತ ಮೊದಲೇ ನೋಡಿ. ರೇಡಿಯನ್‌ನಲ್ಲಿದ್ದರೆ ಉತ್ತರ ಎಲ್ಲೋ ಹೋಗುತ್ತದೆ.

ಇನ್ನು ಉಳಿದಿದ್ದು ಹೈಸ್ಕೂಲಿನ ಪೈಥಾಗೊರಸ್. 232ರ ವರ್ಗ, 549ರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. 596 ಕಿ.ಮೀ. ಬರುತ್ತದೆ. ಭೂಮಿ ದುಂಡಗಿರುವುದನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುವ ದೊಡ್ಡ ಸೂತ್ರ ಹಾಕಿದರೂ ಇಷ್ಟು ದೂರಕ್ಕೆ ಒಂದೆರಡು ಕಿ.ಮೀ. ಹೆಚ್ಚು ಕಡಿಮೆ ಆಗಬಹುದು, ಅಷ್ಟೆ.

ನಂಬಿಕೆ ಬರದಿದ್ದರೆ ಗೊತ್ತಿರುವ ಊರುಗಳ ಮೇಲೆ ಮೊದಲು ಪ್ರಯೋಗ ಮಾಡಿ. ಬೆಂಗಳೂರು ಮತ್ತು ಬೀದರ್ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಅಕ್ಷಾಂಶದ ವ್ಯತ್ಯಾಸ 4.94. ಅದನ್ನು 111ರಿಂದ ಗುಣಿಸಿದರೆ ಸುಮಾರು 550 ಕಿ.ಮೀ. ಅಂದರೆ ಆಲಿಸ್‌ನಿಂದ ಬರ್ಡ್ಸ್‌ವಿಲ್‌ಗೆ ನೇರ ದೂರ ಬೆಂಗಳೂರಿನಿಂದ ಬೀದರ್‌ಗಿಂತ ಸ್ವಲ್ಪ ಜಾಸ್ತಿ. ಬೆಂಗಳೂರಿನಿಂದ ಬೀದರ್‌ವರೆಗೆ ಒಂದು ಊರೂ ಇಲ್ಲ, ಒಂದು ಟೀ ಅಂಗಡಿಯೂ ಇಲ್ಲ ಅಂತ ಕಣ್ಣು ಮುಚ್ಚಿ ಊಹಿಸಿಕೊಳ್ಳಿ. ಆ ನೆಲದ ಅಂದಾಜು ಸಿಗುತ್ತದೆ.

ಇಲ್ಲಿ ಅಳತೆಯ ಬಗ್ಗೆ ಒಂದು ಕಥೆ ಹೇಳಲೇಬೇಕು. ಕ್ವೀನ್ಸ್‌ಲ್ಯಾಂಡ್, ದಕ್ಷಿಣ ಆಸ್ಟ್ರೇಲಿಯಾ, ನಾರ್ದರ್ನ್ ಟೆರಿಟರಿ ಮೂರೂ ಸೇರುವ ಬಿಂದು ಈ ಮರುಭೂಮಿಯಲ್ಲೇ ಇದೆ. ಹೆಸರು ಪೋಪಲ್ ಕಾರ್ನರ್. ಸರ್ವೇಯರ್ ಆಗಸ್ಟಸ್ ಪೋಪಲ್ 1880ರಲ್ಲಿ ಸರಪಳಿ ಹಿಡಿದು ಅಳೆದುಕೊಂಡು ಬಂದು ಅಲ್ಲಿ ಮರದ ಕಂಬ ನೆಟ್ಟರು. ಆಮೇಲೆ ನೋಡಿದರೆ ಸರಪಳಿ ಇರಬೇಕಾದ್ದಕ್ಕಿಂತ ಒಂದು ಇಂಚು ಉದ್ದವಾಗಿತ್ತು. ಪ್ರತಿ ಸಲ ಎಳೆದಾಗಲೂ ಒಂದು ಇಂಚು ತಪ್ಪು. ನೂರಾರು ಮೈಲಿಗೆ ಅದು ಎಷ್ಟಾಗಬೇಕು ನೋಡಿ. ಕೊನೆಗೆ ಕಂಬವನ್ನೇ ಕಿತ್ತು ಬೇರೆ ಕಡೆ ನೆಡಬೇಕಾಯಿತು. ಅಕ್ಷಾಂಶ, ರೇಖಾಂಶ ಬರೆದುಕೊಳ್ಳುವಾಗ ಎರಡು ಸಲ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಹಂತ 2: ಹಾರಾಟದ ಸಮಯ

ವಿಮಾನದವರು ನಾಟಿಕಲ್ ಮೈಲಿ ಮತ್ತು ನಾಟ್‌ನಲ್ಲಿ ಮಾತಾಡುತ್ತಾರೆ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ಹಾಗಾಗಿ 596 ಕಿ.ಮೀ. ಅಂದರೆ 322 ನಾಟಿಕಲ್ ಮೈಲಿ. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ.

ಈಗ ಯಾವ ವಿಮಾನ ಅಂತ ಕೇಳಬೇಕು. ಔಟ್‌ಬ್ಯಾಕ್‌ನಲ್ಲಿ ಬಾಡಿಗೆಗೆ ಸಿಗುವ ಸಣ್ಣ ವಿಮಾನಗಳಲ್ಲಿ ಸೆಸ್ನಾ 210 ಒಂದು. ಒಂದೇ ಎಂಜಿನ್, ಆರು ಸೀಟು, ವೇಗ ಸುಮಾರು 155 ನಾಟ್. 322ನ್ನು 155ರಿಂದ ಭಾಗಿಸಿ: 2 ಗಂಟೆ 5 ನಿಮಿಷ. ಫ್ಲೈಯಿಂಗ್ ಡಾಕ್ಟರ್ ಸೇವೆಯವರು ಆಲಿಸ್‌ನಲ್ಲಿ ಬಳಸುವ ಪಿಲಾಟಸ್ ಪಿಸಿ-12 ಆದರೆ ಸುಮಾರು 260 ನಾಟ್. ಆಗ 1 ಗಂಟೆ 15 ನಿಮಿಷ. ಒಂದೇ ದೂರ, ಆದರೆ 50 ನಿಮಿಷದ ವ್ಯತ್ಯಾಸ. ಇದು ಕುದುರೆ ರೇಸಿಗೆ ದೊಡ್ಡ ವಿಷಯವಲ್ಲ. ಕಾಯಿಲೆಯಲ್ಲಿ ಮಲಗಿದವರಿಗೆ ಪ್ರಾಣದ ವಿಷಯ. ಪಾದ್ರಿ ಜಾನ್ ಫ್ಲಿನ್ 1928ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿ ಊರಿನಿಂದ ವಿಮಾನದಲ್ಲಿ ವೈದ್ಯರನ್ನು ಕಳಿಸುವ ವ್ಯವಸ್ಥೆ ಶುರು ಮಾಡಿದ್ದು ಈ ದೂರಗಳನ್ನು ನೋಡಿಯೇ.

ಬಂದ ಉತ್ತರಕ್ಕೆ 15 ನಿಮಿಷ ಕೂಡಿಸಿ. ರನ್‌ವೇಗೆ ಹೋಗುವುದು, ಮೇಲೇರುವುದು, ಇಳಿಯುವ ಮುಂಚೆ ಸುತ್ತು ಹಾಕುವುದು ಎಲ್ಲ ಸೇರಿ ಅಷ್ಟಾಗುತ್ತದೆ. ಸೆಸ್ನಾಗೆ ಈಗ 2 ಗಂಟೆ 20 ನಿಮಿಷ.

ಇನ್ನು ಗಾಳಿ. ಇದನ್ನು ಬಿಟ್ಟರೆ ಲೆಕ್ಕ ಅರ್ಧವೇ ಆದ ಹಾಗೆ. ಚಳಿಗಾಲದ ಹೊತ್ತಿನಲ್ಲಿ ಮಧ್ಯ ಆಸ್ಟ್ರೇಲಿಯಾದಲ್ಲಿ ನೆಲಕ್ಕೆ ಹತ್ತಿರ ಆಗ್ನೇಯದಿಂದ ಗಾಳಿ ಬೀಸುವುದು ಸಾಮಾನ್ಯ. ತುಂಬಾ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಬರುತ್ತದೆ. ಅಂದರೆ ಬರ್ಡ್ಸ್‌ವಿಲ್‌ಗೆ ಹೋಗುವಾಗ ಕೆಳಗೆ ಹಾರುವ ಸೆಸ್ನಾಗೆ ಎದುರುಗಾಳಿ ಸಿಗಬಹುದು, ಮೇಲೆ ಹಾರುವ ಪಿಲಾಟಸ್‌ಗೆ ಹಿಂಗಾಳಿ ಸಿಗಬಹುದು.

ದಾರಿಯ ಉದ್ದಕ್ಕೆ 30 ನಾಟ್ ಎದುರುಗಾಳಿ ಇದೆ ಅಂತಿಟ್ಟುಕೊಳ್ಳಿ. 155ರಲ್ಲಿ 30 ಕಳೆದರೆ 125. ಹಾರಾಟ 2 ಗಂಟೆ 35 ನಿಮಿಷಕ್ಕೆ ಏರುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗೆ ಸಿಕ್ಕರೆ 185 ನಾಟ್, 1 ಗಂಟೆ 44 ನಿಮಿಷ. ಹೋಗುವಾಗ ಕಳೆದಿದ್ದು ಬರುವಾಗ ಸಿಗುತ್ತದಲ್ಲ ಅಂತ ಅನ್ನಿಸುತ್ತದೆ. ಕೂಡಿಸಿ ನೋಡಿ. ಗಾಳಿ ಇಲ್ಲದಿದ್ದರೆ ಹೋಗಿ ಬರಲು 4 ಗಂಟೆ 10 ನಿಮಿಷ, ಗಾಳಿ ಇದ್ದರೆ 4 ಗಂಟೆ 19 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು. ಅದಕ್ಕೇ ಪೂರ್ತಿ ವಾಪಸ್ ಸಿಗುವುದಿಲ್ಲ. ಇದು ಹೊಳೆದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಹಂತ 3: ಇಂಧನ ಮತ್ತು ಬೆಳಕು

ಪೈಲಟ್ ಮಾಡುವ ಲೆಕ್ಕ ಇದು. ನಿಮಗೂ ಗೊತ್ತಿದ್ದರೆ ಒಳ್ಳೆಯದು. ಸೆಸ್ನಾ 210 ಗಂಟೆಗೆ ಸುಮಾರು 60 ಲೀಟರ್ ಕುಡಿಯುತ್ತದೆ. ಎದುರುಗಾಳಿಯ 2 ಗಂಟೆ 35 ನಿಮಿಷ, ಮೇಲಿನ 15 ನಿಮಿಷ, ಮುಟ್ಟಬಾರದ ಮೀಸಲು 30 ನಿಮಿಷ. ಒಟ್ಟು 3 ಗಂಟೆ 20 ನಿಮಿಷ, 200 ಲೀಟರ್. ಬರ್ಡ್ಸ್‌ವಿಲ್‌ನಲ್ಲಿ ಧೂಳು ಎದ್ದು ಇಳಿಯಲು ಆಗದಿದ್ದರೆ? ಉತ್ತರಕ್ಕೆ ಸುಮಾರು 170 ಕಿ.ಮೀ. ದೂರದ ಬೆಡೂರಿ ಅನ್ನುವ ಊರಿಗೆ ಹೋಗಲು ಇನ್ನೊಂದು 40 ಲೀಟರ್ ಹಿಡಿಯಿರಿ.

ಎಚ್ಚರದ ಪೈಲಟ್ ಗೇಜ್ ಒಂದನ್ನೇ ನಂಬುವುದಿಲ್ಲ. ಏಣಿ ಇಟ್ಟು ರೆಕ್ಕೆಯ ಮಟ್ಟಕ್ಕೆ ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಗುರುತು ಹಾಕಿದ ಕಡ್ಡಿಯನ್ನು ಒಳಗೆ ಅದ್ದಿ ಮೇಲೆತ್ತುತ್ತಾರೆ. ಒದ್ದೆ ಎಲ್ಲಿವರೆಗೆ ಬಂದಿದೆ ಅಂತ ಬೆಳಕಿಗೆ ಹಿಡಿದು ನೋಡುತ್ತಾರೆ. ಅವರು ಆ ಕೆಲಸ ಮಾಡುವಾಗ ಅವಸರ ಮಾಡಬೇಡಿ.

ಪೈಲಟ್ ಹೊರಗೆ ಕಣ್ಣಿಗೆ ಕಾಣುವುದನ್ನೇ ನೆಚ್ಚಿ ಹಾರಿಸುವ ವಿಮಾನ ಕತ್ತಲಾಗುವುದಕ್ಕೆ ಕನಿಷ್ಠ 10 ನಿಮಿಷ ಮುಂಚೆ ತಲುಪುವ ಲೆಕ್ಕದಲ್ಲೇ ಹೊರಡಬೇಕು. ಇದು ಅಲ್ಲಿನ ನಿಯಮ. ಒಂದೇ ದಿನ ಹೋಗಿ ಬರುವ ಯೋಚನೆ ಬಿಗಿಯಾಗುವುದು ಇಲ್ಲೇ. ಅಕ್ಕನ ಮಗಳಿಗೂ ಇದನ್ನೇ ಹೇಳಿದೆ: “ಒಂದು ರಾತ್ರಿ ಉಳಿದು ಬಾರಮ್ಮ.”

ಹಂತ 4: ಟಿಕೆಟ್ ಸಿಗುವ ವಿಮಾನ

ಬರ್ಡ್ಸ್‌ವಿಲ್‌ಗೆ ವಾರಕ್ಕೆ ಎರಡು ಸಲ ಬರುವ ವಿಮಾನ ಬ್ರಿಸ್ಬೇನ್ ಮತ್ತು ಮೌಂಟ್ ಐಸಾ ನಡುವೆ ಓಡುತ್ತದೆ. ಟೂವೂಂಬಾ, ಚಾರ್ಲ್ವಿಲ್, ಕ್ವಿಲ್ಪಿ, ವಿಂಡೋರಾ, ಬರ್ಡ್ಸ್‌ವಿಲ್, ಬೆಡೂರಿ, ಬೂಲಿಯಾ, ಆಮೇಲೆ ಮೌಂಟ್ ಐಸಾ. ನಮ್ಮ ಕೆಂಪು ಬಸ್ಸಿನ ಹಾಗೆ ಊರೂರಿಗೂ ನಿಂತು ಹೋಗುತ್ತದೆ. ಸುಮಾರು 34 ಸೀಟಿನ ಸಾಬ್ 340 ವಿಮಾನ. ಹೊರಡುವ ಮುಂಚೆ ಆಗಿನ ವೇಳಾಪಟ್ಟಿ ನೋಡಿಕೊಳ್ಳಿ.

ಆಲಿಸ್‌ನಿಂದ ಇದನ್ನು ಹಿಡಿಯಬೇಕಾದರೆ ಮೊದಲು ಬ್ರಿಸ್ಬೇನ್‌ಗೆ ಹೋಗಬೇಕು. ನೇರ ಗೆರೆಯಲ್ಲೇ ಸುಮಾರು 1,970 ಕಿ.ಮೀ. ಅಲ್ಲಿಂದ ಬರ್ಡ್ಸ್‌ವಿಲ್‌ಗೆ ವಾಪಸ್ ಪಶ್ಚಿಮಕ್ಕೆ 1,380 ಕಿ.ಮೀ. ಒಟ್ಟು 3,350. ಹಕ್ಕಿ ದಾರಿಯ ಐದೂವರೆ ಪಟ್ಟು! ನಡುವೆ ಬ್ರಿಸ್ಬೇನ್‌ನಲ್ಲಿ ಒಂದು ರಾತ್ರಿಯೋ ಎರಡು ರಾತ್ರಿಯೋ ಕಾಯಬೇಕು.

ನಿಂತು ನಿಂತು ಹೋಗುವ ವಿಮಾನದ ಸಮಯ ಹಿಡಿಯಲು ಒಂದು ಸುಲಭ ದಾರಿ ಇದೆ. ಮೌಂಟ್ ಐಸಾದಿಂದ ಬರ್ಡ್ಸ್‌ವಿಲ್ ತೆಗೆದುಕೊಳ್ಳಿ. ಮೂರು ತುಂಡು: ಬೂಲಿಯಾಗೆ ಸುಮಾರು 253 ಕಿ.ಮೀ., ಬೆಡೂರಿಗೆ 165, ಬರ್ಡ್ಸ್‌ವಿಲ್‌ಗೆ 172. ಸಾಬ್ ವಿಮಾನಕ್ಕೆ ಗಂಟೆಗೆ 500 ಕಿ.ಮೀ. ಹಿಡಿಯಿರಿ. ಪ್ರತಿ ತುಂಡಿಗೆ ಏರಿ ಇಳಿಯಲು 12 ನಿಮಿಷ ಸೇರಿಸಿ. ಪ್ರತಿ ನಿಲುಗಡೆಗೆ 20 ನಿಮಿಷ ಕೊಡಿ. ಒಟ್ಟು 2 ಗಂಟೆ 27 ನಿಮಿಷ ಬರುತ್ತದೆ. ಎಲ್ಲೂ ನಿಲ್ಲದೆ ಹಾರಿದ್ದರೆ ಅದೇ 590 ಕಿ.ಮೀ.ಗೆ 1 ಗಂಟೆ 23 ನಿಮಿಷ ಸಾಕಾಗಿತ್ತು. ನಿಧಾನ ಅಂತ ಬೇಜಾರು ಬೇಡ. ಆ ಊರುಗಳಿಗೆ ಟಪಾಲು, ಔಷಧಿ, ರಜೆಗೆ ಮನೆಗೆ ಬರುವ ಮಕ್ಕಳು ಇಂಥ ವಿಮಾನದಲ್ಲೇ ಬರುವುದು.

ಬಾಡಿಗೆ ವಿಮಾನಕ್ಕೆ ಫೋನ್ ಮಾಡುವಾಗ ಒಂದು ಮಾತು ತಪ್ಪದೆ ಕೇಳಿ: ನಿಮ್ಮನ್ನು ಇಳಿಸಿ ಖಾಲಿ ವಾಪಸ್ ಹೋಗುವ ಗಂಟೆಗಳಿಗೂ ದುಡ್ಡು ಕೊಡಬೇಕಾ? ಸಾಮಾನ್ಯವಾಗಿ ಕೊಡಬೇಕು. ಪ್ರತಿಯೊಬ್ಬರ ತೂಕ, ಬ್ಯಾಗಿನ ತೂಕ ನಿಜ ಹೇಳಿ. ನಾಲ್ಕು ಕೆ.ಜಿ. ಮುಚ್ಚಿಟ್ಟರೆ ಅಷ್ಟು ಇಂಧನ ಬಿಟ್ಟು ಹೋಗಬೇಕಾಗಬಹುದು.

ಹಂತ 5: ರಸ್ತೆ

ಇಲ್ಲಿ ಮೂರು ದಾರಿಗಳಿವೆ, ಮತ್ತೆ ಒಂದು ವಿಚಿತ್ರವೂ ಇದೆ. ಅತಿ ಹತ್ತಿರದ ದಾರಿಯೇ ಅತಿ ನಿಧಾನದ್ದು.

ಮರುಭೂಮಿ ಅಡ್ಡ ಹಾಯುವ ದಾರಿ ಫಿಂಕ್, ಮೌಂಟ್ ಡೇರ್ ಮೇಲೆ ಹೋಗಿ ಪೋಪಲ್ ಕಾರ್ನರ್ ಮುಟ್ಟಿ ಬರ್ಡ್ಸ್‌ವಿಲ್ ಸೇರುತ್ತದೆ. ಸುಮಾರು 950 ಕಿ.ಮೀ. ಆದರೆ ದಿಬ್ಬಗಳು ದಾರಿಗೆ ಅಡ್ಡಲಾಗಿ ನಿಂತಿವೆ. ಒಂದೊಂದನ್ನೂ ಹತ್ತಿ ಇಳಿಯಬೇಕು. ಬರ್ಡ್ಸ್‌ವಿಲ್‌ಗೆ 35 ಕಿ.ಮೀ. ಇರುವಾಗ ಸಿಗುವ ‘ಬಿಗ್ ರೆಡ್’ ಸುಮಾರು 40 ಮೀಟರ್ ಎತ್ತರ. ಮೌಂಟ್ ಡೇರ್‌ನಿಂದ ಮುಂದಕ್ಕೆ ಮೂರರಿಂದ ಐದು ದಿನ ಹಿಡಿಯುತ್ತದೆ. ಫೋರ್‌ವೀಲ್ ಡ್ರೈವ್, ಜೊತೆಗೆ ಇನ್ನೊಂದು ಗಾಡಿ, ಪರವಾನಗಿ, ದಿಬ್ಬದ ಆಚೆಯವರಿಗೆ ಕಾಣಲು ಎತ್ತರದ ಬಾವುಟ ಇಷ್ಟೂ ಇಲ್ಲದೆ ಹೊರಡಬೇಡಿ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬಿಸಿಲಿಗಾಗಿ ಅಲ್ಲಿನ ಉದ್ಯಾನಗಳನ್ನು ಮುಚ್ಚುತ್ತಾರೆ.

ಎರಡನೆಯದು ಉತ್ತರದ ದಾರಿ. ಆಲಿಸ್‌ನಿಂದ ಸುಮಾರು 70 ಕಿ.ಮೀ. ಉತ್ತರಕ್ಕೆ ಹೋಗಿ ಪ್ಲೆಂಟಿ ಹೈವೇ ಹಿಡಿಯಬೇಕು. ಗಡಿವರೆಗೆ ಸುಮಾರು 500 ಕಿ.ಮೀ. ಆಚೆ ಡೊನೊಹ್ಯೂ ಹೈವೇಯಲ್ಲಿ ಬೂಲಿಯಾ. ಅಲ್ಲಿಂದ ದಕ್ಷಿಣಕ್ಕೆ ಬೆಡೂರಿ, ಬರ್ಡ್ಸ್‌ವಿಲ್. ಒಟ್ಟು ಹತ್ತಿರ ಹತ್ತಿರ 1,200 ಕಿ.ಮೀ. ನಾನಾದರೆ ಇದನ್ನೇ ಆರಿಸುತ್ತೇನೆ. ಮೂರನೆಯದು ದಕ್ಷಿಣಕ್ಕೆ ಮಾರ್ಲಾ, ಊಡ್ನಡಾಟಾ ಟ್ರ್ಯಾಕ್, ಮರೀ, ಬರ್ಡ್ಸ್‌ವಿಲ್ ಟ್ರ್ಯಾಕ್ ಸುತ್ತಿ ಬರುವುದು. ಸುಮಾರು 1,600 ಕಿ.ಮೀ. ರಜೆ ಜಾಸ್ತಿ ಇದ್ದವರಿಗೆ.

ಸಮಯ ಹಿಡಿಯುವಾಗ ‘ಹೈವೇ’ ಅನ್ನುವ ಹೆಸರು ನೋಡಬೇಡಿ. ಪ್ಲೆಂಟಿ ಹೈವೇಯ ಬಹುಪಾಲು ಮಣ್ಣಿನ ರಸ್ತೆ. ಗಂಟೆಗೆ ಸರಾಸರಿ 60 ಕಿ.ಮೀ. ಹಿಡಿಯಿರಿ. ‘ಬುಲ್‌ಡಸ್ಟ್’ ಅಂತ ಒಂದು ಧೂಳಿದೆ. ಮೈದಾ ಹಿಟ್ಟಿನಷ್ಟು ನುಣ್ಣಗೆ. ಅದು ಗುಂಡಿ ತುಂಬಿಕೊಂಡು ಮೇಲೆ ಸಮತಟ್ಟಾಗಿ ಕಾಣುತ್ತದೆ. ಚಕ್ರ ಇಳಿದ ಮೇಲೇ ಗುಂಡಿಯ ಆಳ ಗೊತ್ತಾಗುವುದು. ಗಾಜಿನ ಮೇಲೆ ಧೂಳು ನೀರಿನ ಹಾಗೆ ಹರಿದು, ಒಂದು ಕ್ಷಣ ಮುಂದೆ ಏನೂ ಕಾಣುವುದಿಲ್ಲ. ಹಾಗಾಗಿ 1,200 ಕಿ.ಮೀ. ದಾರಿಗೆ ಎರಡು ಪೂರ್ತಿ ಹಗಲು, ಆರಾಮವಾಗಿ ಹೋದರೆ ಮೂರು. ರಾತ್ರಿ ಓಡಿಸಬೇಡಿ. ಕಾಂಗರೂ, ದನ ಎರಡೂ ರಸ್ತೆಗೆ ಬರುತ್ತವೆ. ಗಡಿಯ ಹತ್ತಿರದ ಟೋಬರ್ಮೋರಿಯಿಂದ ಬೂಲಿಯಾವರೆಗೆ ಸುಮಾರು 250 ಕಿ.ಮೀ. ಡೀಸೆಲ್ ಸಿಗುವುದಿಲ್ಲ. ಟೋಬರ್ಮೋರಿಯಲ್ಲಿ ಡೀಸೆಲ್ ಇದೆಯಾ ಅಂತಲೂ ಮೊದಲೇ ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಮಳೆಯ ಬಗ್ಗೆ ಒಂದು ಎಚ್ಚರ. ಬರ್ಡ್ಸ್‌ವಿಲ್ ಡಯಮಂಟೀನಾ ನದಿಯ ದಡದಲ್ಲಿದೆ. ನೂರಾರು ಕಿ.ಮೀ. ಉತ್ತರದಲ್ಲಿ ಸುರಿದ ಮಳೆ ವಾರಗಳ ಮೇಲೆ ಇಲ್ಲಿಗೆ ಬರುತ್ತದೆ. ತಲೆ ಮೇಲೆ ಮೋಡವೇ ಇರುವುದಿಲ್ಲ, ರಸ್ತೆ ಮಾತ್ರ ನೀರಿನಡಿ. ಅದಕ್ಕೇ ಹವಾಮಾನ ನೋಡಿದರೆ ಸಾಲದು. ಕ್ವೀನ್ಸ್‌ಲ್ಯಾಂಡ್ ಮತ್ತು ನಾರ್ದರ್ನ್ ಟೆರಿಟರಿ ಎರಡೂ ಸರ್ಕಾರಗಳ ರಸ್ತೆ ಮಾಹಿತಿ ಪುಟ ನೋಡಿ. ಹೊರಡುವ ಹಿಂದಿನ ದಿನ, ಮತ್ತೆ ಹೊರಡುವ ಬೆಳಿಗ್ಗೆ.

ಹಂತ 6: ಗಡಿಯಾರ

ನಾರ್ದರ್ನ್ ಟೆರಿಟರಿ ಭಾರತಕ್ಕಿಂತ 4 ಗಂಟೆ ಮುಂದೆ. ಕ್ವೀನ್ಸ್‌ಲ್ಯಾಂಡ್ ನಾಲ್ಕೂವರೆ ಗಂಟೆ ಮುಂದೆ. ಎರಡೂ ಕಡೆ ಬೇಸಿಗೆಯಲ್ಲಿ ಗಡಿಯಾರ ಬದಲಿಸುವುದಿಲ್ಲ. ಹಾಗಾಗಿ ಪೂರ್ವಕ್ಕೆ ಹೋಗುವಾಗ ಅರ್ಧ ಗಂಟೆ ಕೂಡಿಸಿ, ಬರುವಾಗ ಕಳೆಯಿರಿ. ವಾಪಸ್ ಬರುವ ದಿನ ಬೆಳಕಿನ ಲೆಕ್ಕ ಹಾಕುವಾಗ ಇದು ಮರೆಯಬಾರದು. ದಕ್ಷಿಣದ ದಾರಿ ಹಿಡಿದವರು ಇನ್ನೂ ಹುಷಾರಾಗಿರಬೇಕು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ.

ಕೊನೆಯ ಕೆಲಸ: ಚೀಟಿ ಬರೆದು ಮನೆಯವರಿಗೆ ಕೊಡಿ

ಅಕ್ಕನ ಮಗಳು ಆಸ್ಪತ್ರೆಯ ನಾಲ್ಕು ಜನ ಗೆಳತಿಯರ ಜೊತೆ ಸೇರಿ ಸೆಸ್ನಾ ಬಾಡಿಗೆಗೆ ಹಿಡಿದಳು. ಹೊರಡುವ ಹಿಂದಿನ ರಾತ್ರಿ ನಾವಿಬ್ಬರೂ ಫೋನ್‌ನಲ್ಲಿ ಕೂತು ಈ ಚೀಟಿ ತಯಾರು ಮಾಡಿದೆವು. ಒಂದು ಪ್ರತಿ ಅವಳ ಹತ್ತಿರ, ಒಂದು ಅಕ್ಕನ ಮನೆಯ ಫ್ರಿಜ್ ಮೇಲೆ.

ದೂರ: 596 ಕಿ.ಮೀ., 322 ನಾಟಿಕಲ್ ಮೈಲಿ.
ಹೊರಡುವುದು: ಆಲಿಸ್ ಸಮಯ ಬೆಳಿಗ್ಗೆ 8:00. ಇಲ್ಲಿ (ಭಾರತದಲ್ಲಿ) 4:00.
ಗಾಳಿ ಇಲ್ಲದಿದ್ದರೆ ತಲುಪುವುದು: ಬರ್ಡ್ಸ್‌ವಿಲ್ ಸಮಯ 10:50. ಇಲ್ಲಿ 6:20.
30 ನಾಟ್ ಎದುರುಗಾಳಿ ಇದ್ದರೆ: ಅಲ್ಲಿ 11:20. ಇಲ್ಲಿ 6:50.
ಇಲ್ಲಿ 7:30 ಆದರೂ ಸುದ್ದಿ ಇಲ್ಲದಿದ್ದರೆ: ವಿಮಾನದವರಿಗೆ ಫೋನ್. ನಂಬರ್ ಕೆಳಗಿದೆ.

ಅಕ್ಕ ನಾಲ್ಕು ಗಂಟೆಗೇ ಎದ್ದು ಕೂತಿದ್ದಳು. 6:20 ಆಯಿತು, ಮೆಸೇಜ್ ಇಲ್ಲ. ಚೀಟಿಯ ನಾಲ್ಕನೇ ಸಾಲು ನೋಡಿ ಸುಮ್ನೆ ಕಾದಳು. 6:41ಕ್ಕೆ ಬಂತು: “ಅಮ್ಮಾ, ಇಳಿದ್ವಿ. ಎದುರುಗಾಳಿ ಇತ್ತು. ವಿಮಾನ ನಿಂತಿರೋ ಜಾಗದ ಎದುರಿಗೇ ಹಳೇ ಹೋಟೆಲ್, ರಸ್ತೆ ದಾಟಿದ್ರೆ ತಿಂಡಿ.”